ಹೈವೇ 80 ಆದರೇನು, 50 ಆದರೇನು, ಶುಕ್ರವಾರ ಸಂಜೆ ಮಾತ್ರ ಹೊರಡಬೇಡಿ

ಊರಿಂದ ಬಂದ ಅಪ್ಪ ಅಮ್ಮನಿಗೆ ಹಿಮ ತೋರಿಸಬೇಕು, ಟಾಹೋ ಸರೋವರದ ಹತ್ತಿರ ಕ್ಯಾಬಿನ್ ಬುಕ್ ಆಗಿದೆ, ಶುಕ್ರವಾರಕ್ಕೆ ವಿಂಟರ್ ಸ್ಟಾರ್ಮ್ ವಾಚ್, ಅಂದರೆ ಹಿಮದ ಬಿರುಗಾಳಿಯ ಮುನ್ಸೂಚನೆ, ಬಂದಿದೆ, ಕಾರು ಆಲ್ ವೀಲ್ ಡ್ರೈವ್, ಹೈವೇ 80ರಲ್ಲಿ ಹೋಗೋದಾ 50ರಲ್ಲಾ ಅಂತ ಕೇಳಿದ್ದೀರಿ. ಕ್ಯಾಲಿಫೋರ್ನಿಯಾದ ಬೇ ಏರಿಯಾಕ್ಕೆ ಬಂದ ಹೊಸದರಲ್ಲಿ ನಾನೂ ಇದೇ ತಲೆಬಿಸಿ ಮಾಡಿಕೊಂಡು 80 ಅಂತ ತೀರ್ಮಾನಿಸಿದ್ದೆ. ಅಗಲವಾದ ರಸ್ತೆ, ಹಿಮ ಎತ್ತುವ ಗಾಡಿಗಳು ಓಡಾಡುತ್ತಲೇ ಇರುತ್ತವೆ, ಇನ್ನೇನು ಭಯ ಅಂತ. ಆಫೀಸ್ ಮುಗಿಸಿ ಅತ್ತೆ ಮಾವನನ್ನು ಕೂರಿಸಿಕೊಂಡು ಹೊರಟೆವು.

ಸ್ಯಾಕ್ರಮೆಂಟೋದಲ್ಲಿ ಮಳೆ. ಆಬರ್ನ್‌ನಲ್ಲೂ ಮಳೆ. ಕೋಲ್‌ಫ್ಯಾಕ್ಸ್ ದಾಟಿ ಘಟ್ಟ ಹತ್ತುತ್ತಾ ಹೋದ ಹಾಗೆ ಹನಿ ದಪ್ಪವಾಯಿತು, ಬೆಳ್ಳಗಾಯಿತು, ಆಮೇಲೆ ಮುಂದಿನ ಕಾರಿನ ಕೆಂಪು ದೀಪ ಬಿಟ್ಟರೆ ಏನೂ ಕಾಣಲಿಲ್ಲ. ಬ್ಲೂ ಕ್ಯಾನ್ಯನ್ ಆಸುಪಾಸಿನಲ್ಲಿ ಎಲ್ಲ ನಿಂತೇಬಿಟ್ಟಿತು. ಮುಂದೆ ಯಾವುದೋ ಲಾರಿ ಜಾರಿ ಅಡ್ಡ ನಿಂತಿದೆಯಂತೆ. ಹಿಂದಕ್ಕೂ ಹೋಗುವ ಹಾಗಿಲ್ಲ. ಮಾವನಿಗೆ ಸಕ್ಕರೆ ಕಾಯಿಲೆ ಬೇರೆ. ಅತ್ತೆ ಕಟ್ಟಿಕೊಂಡು ಬಂದಿದ್ದ ಪುಳಿಯೋಗರೆಯೇ ಆ ರಾತ್ರಿ ಊಟ. ಹೀಟರ್‌ಗೆ ಇಂಜಿನ್ ಆನ್ ಇಡಬೇಕು, ಆದರೆ ಸೈಲೆನ್ಸರ್ ಬಾಯಿಗೆ ಹಿಮ ಮುಚ್ಚಿಕೊಂಡರೆ ವಿಷದ ಹೊಗೆ ಒಳಗೇ ಬರುತ್ತದೆ. ಅದಕ್ಕೆ ಆಗಾಗ ಇಳಿದು ಕೈಯಲ್ಲೇ ಬಳಿಯುತ್ತಿದ್ದೆ. ಕೊನೆಗೆ ಪೊಲೀಸರು ಬಂದು ಒಬ್ಬೊಬ್ಬರನ್ನೇ ತಿರುಗಿಸಿ ಕೆಳಗೆ ಕಳಿಸಿದರು. ಟಾಹೋ ಕಾಣಲೇ ಇಲ್ಲ, ಕ್ಯಾಬಿನ್ ದುಡ್ಡೂ ವಾಪಸ್ ಬರಲಿಲ್ಲ.

ಮುನ್ಸೂಚನೆ ನೋಡದೆ ಹೊರಟಿದ್ದೆ ಅಂದುಕೊಳ್ಳಬೇಡಿ. ನೋಡಿದ್ದೆ. ಎಲ್ಲಿ ಎಡವಿದೆ ಅನ್ನೋದನ್ನ ಸ್ವಲ್ಪ ಉದ್ದಕ್ಕೇ ಹೇಳುತ್ತೇನೆ, ಯಾಕೆಂದರೆ ಎಲ್ಲರೂ ಅಲ್ಲೇ ಎಡವುತ್ತಾರೆ. ಇಲ್ಲಿನ ಹವಾಮಾನ ಇಲಾಖೆ, ನ್ಯಾಷನಲ್ ವೆದರ್ ಸರ್ವೀಸ್‌ನವರು ಸ್ನೋ ಲೆವೆಲ್ 7,000 ಅಡಿ ಅಂತ ಬರೆದಿದ್ದರು. ಆ ಎತ್ತರದಿಂದ ಮೇಲೆ ಹಿಮ, ಕೆಳಗೆ ಮಳೆ ಅಂತ ಅರ್ಥ. 80 ದಾಟುವ ಘಟ್ಟದ ತುದಿ, ಡಾನರ್ ಸಮ್ಮಿಟ್, 7,200 ಅಡಿ ಚಿಲ್ಲರೆ. ಹಾಗಾದರೆ ತುದಿಯಲ್ಲಿ ಸ್ವಲ್ಪ ದೂರ ಮಾತ್ರ ಹಿಮ, ಉಳಿದದ್ದೆಲ್ಲ ಒದ್ದೆ ರಸ್ತೆ ಅಂತ ಲೆಕ್ಕ ಹಾಕಿ ಖುಷಿಯಾದೆ. ಆ 7,000 ಬೆಳಗಿನ ಹೊತ್ತಿನದು! ಸಂಜೆಗೆ 4,000ಕ್ಕೆ ಇಳಿಯುತ್ತದೆ ಅಂತ ಅದರ ಪಕ್ಕದಲ್ಲೇ ಇತ್ತು. ಅಲ್ಲಿವರೆಗೆ ಓದಲಿಲ್ಲ. ಪೆಸಿಫಿಕ್ ಕಡೆಯಿಂದ ಬರುವ ಬಿರುಗಾಳಿಯಲ್ಲಿ ಎಷ್ಟೋ ಸಲ ಮೊದಲು ಬೆಚ್ಚಗಿನ ತೇವದ ಗಾಳಿ ಬರುತ್ತದೆ, ಅದರ ಹಿಂದೆ ಕೋಲ್ಡ್ ಫ್ರಂಟ್, ಅಂದರೆ ತಣ್ಣನೆ ಗಾಳಿ ನುಗ್ಗಿ ಬರುವ ಅಂಚು. ಅದು ದಾಟಿದ ಕೆಲವೇ ಗಂಟೆಗಳಲ್ಲಿ ಸ್ನೋ ಲೆವೆಲ್ ಕುಸಿಯುತ್ತದೆ. ಒಂದೆರಡು ಮೈಲಿ ಅಂದುಕೊಂಡಿದ್ದ ಹಿಮದ ರಸ್ತೆ 25-30 ಮೈಲಿ ಆಯಿತು, ಅದೂ ವೀಕೆಂಡ್ ಜನ ಎಲ್ಲ ಘಟ್ಟ ಹತ್ತುವ ಹೊತ್ತಿಗೆ ಸರಿಯಾಗಿ.

ಜೊತೆಗೆ ಫೋನಿನ ಆ್ಯಪ್ ಬೇರೆ ದಾರಿ ತಪ್ಪಿಸಿತು. ಅದು ತೋರಿಸುವುದು ಸರೋವರದ ದಡದ ಊರಿನ ಹವೆ. ಆ ಊರು ಇರುವುದು ಸುಮಾರು 6,200 ಅಡಿಯಲ್ಲಿ, ಬೆಟ್ಟದ ಸಾಲಿನ ಆಚೆ ಬದಿ. ನಾವು ಹತ್ತಬೇಕಾದದ್ದು ಈಚೆ ಬದಿ. ಆಗುಂಬೆಯಲ್ಲಿ ಸುರಿಯುವ ಮಳೆಗೂ ಶಿವಮೊಗ್ಗದ ಮಳೆಗೂ ವ್ಯತ್ಯಾಸ ಇದೆ ಅಲ್ವಾ, ಹಾಗೇ ಇದು. ಸಮುದ್ರದ ಗಾಳಿ ಈ ಸಿಯೆರ್ರಾ ಬೆಟ್ಟದ ಸಾಲಿಗೆ ಬಡಿದು ಮೇಲೇರುವಾಗಲೇ ಜಾಸ್ತಿ ಸುರಿಸಿಬಿಡುತ್ತದೆ.

ಈಗ ನಿಮ್ಮ 80ಆ 50ಆ. ಸುಮ್ನೆ ಬಿಟ್ಟುಬಿಡಿ ಅದನ್ನ. 50ರ ಎಕೋ ಸಮ್ಮಿಟ್ ಇನ್ನೂ ಎತ್ತರ, 7,382 ಅಡಿ. ಎರಡೂ ದಾಟುವುದು ಅದೇ ಬೆಟ್ಟದ ಸಾಲನ್ನು, ಬಿರುಗಾಳಿ ಒಂದನ್ನು ಹುಡುಕಿಕೊಂಡು ಬರುವುದಿಲ್ಲ. 2024ರ ಮಾರ್ಚ್ ಮೊದಲ ದಿನಗಳಲ್ಲಿ ಕೋಲ್‌ಫ್ಯಾಕ್ಸ್‌ನಿಂದ ನೆವಾಡಾ ಗಡಿವರೆಗೆ 80ನ್ನೇ ಮುಚ್ಚಿದ್ದರು, ಆಗ ಯಾವ ಕಾರಿದ್ದರೆ ಏನು ಬಂತು? ಆಲ್ ವೀಲ್ ಡ್ರೈವ್ ಹತ್ತಲು ಸಹಾಯ ಮಾಡುತ್ತದೆ, ಬ್ರೇಕ್ ಹಾಕಿದಾಗ ಅಲ್ಲ. ಹಿಮ ಬಿದ್ದಾಗ ಟೈರಿಗೆ ಚೈನ್ ಕಟ್ಟಬೇಕು ಅನ್ನುವ ನಿಯಮಕ್ಕೆ ಚೈನ್ ಕಂಟ್ರೋಲ್ ಅಂತಾರೆ. ಅದರ ಎರಡನೇ ಹಂತ ಆರ್2 ಇದ್ದಾಗ ನಾಲ್ಕೂ ಟೈರು ಸ್ನೋ ಟೈರಾಗಿದ್ದರೆ ನಿಮ್ಮನ್ನು ಬಿಡುತ್ತಾರೆ, ಆದರೂ ಚೈನ್ ಗಾಡಿಯಲ್ಲಿ ಇರಲೇಬೇಕು. ಆರ್3 ಬಂದರೆ ಯಾರಿಗೂ ರಿಯಾಯಿತಿ ಇಲ್ಲ. ಬಾಡಿಗೆ ಕಾರಾದರೆ ಕರಾರು ಓದಿ, ತುಂಬಾ ಕಡೆ ಚೈನ್ ಹಾಕಲು ಬಿಡುವುದೇ ಇಲ್ಲ.

ವಾಚ್ ಅಂದರೆ ಬರಬಹುದು ಅಂತ. ಅದು ವಾರ್ನಿಂಗ್ ಆದರೆ ಬಂತು ಅಂತಲೇ ತಿಳಿಯಿರಿ. ಸ್ಯಾಕ್ರಮೆಂಟೋ ಮತ್ತು ರೀನೋ ಆಫೀಸಿನವರು ಬರೆಯುವ ಫೋರ್‌ಕಾಸ್ಟ್ ಡಿಸ್ಕಷನ್, ಅಂದರೆ ಮುನ್ಸೂಚನೆಯ ವಿವರಣೆ, ಪೂರ್ತಿ ಓದಿ. ಎಷ್ಟು ಇಂಚು ಅನ್ನೋದಕ್ಕಿಂತ ಸ್ನೋ ಲೆವೆಲ್ ಯಾವ ಗಂಟೆಗೆ ಎಲ್ಲಿಗೆ ಇಳಿಯುತ್ತದೆ, ಸಮ್ಮಿಟ್‌ನಲ್ಲಿ ಗಾಳಿ ಎಷ್ಟು ಅಂತ ನೋಡಿ. ಗುರುವಾರವೇ ರಜೆ ಹಾಕಿ ಹೋಗಲು ಆದರೆ ಹೋಗಿ, ಬಿರುಗಾಳಿ ಬರುವಾಗ ಕ್ಯಾಬಿನ್ ಒಳಗೆ ಬೆಚ್ಚಗೆ ಕೂತಿರುತ್ತೀರಿ. ಆಗದಿದ್ದರೆ ಅದು ಕಳೆದು ರಸ್ತೆ ತೆರೆದ ಮೇಲೆ ಹಗಲಲ್ಲಿ ಹೋಗಿ, ಹೊರಡುವ ಮುಂಚೆ ರಸ್ತೆ ನೋಡಿಕೊಳ್ಳುವ ಇಲಾಖೆ ಕ್ಯಾಲ್‌ಟ್ರಾನ್ಸ್‌ನ ಕ್ವಿಕ್‌ಮ್ಯಾಪ್‌ನಲ್ಲಿ ರಸ್ತೆಯ ಕ್ಯಾಮೆರಾ ನೋಡಿ. ಕ್ಯಾಬಿನ್‌ನವರಿಗೆ ಇವತ್ತೇ ಫೋನ್ ಮಾಡಿ, ಭಾನುವಾರ ಸೋಮವಾರಕ್ಕೆ ಬದಲಿಸಿಕೊಡುತ್ತಾರಾ ಕೇಳಿ. ರಸ್ತೆ ಮುಚ್ಚಿದ ಮೇಲೆ ಎಲ್ಲರೂ ಅದನ್ನೇ ಕೇಳುತ್ತಿರುತ್ತಾರೆ.