ಸ್ಟ್ರಾಬೆರಿ ಕಪ್ಪೆಗೆ ವಿಷ ಎಲ್ಲಿಂದ ಬರುತ್ತದೆ? ಸಾಕಿದರೂ ವಿಷ ಇರುತ್ತದೆಯೇ?

ಊಟದಿಂದ ಬರುತ್ತದೆ. ನಿಕರಾಗುವಾ, ಕೋಸ್ಟರಿಕಾ, ಪನಾಮಾದ ಮಳೆಕಾಡಿನ ಈ ಕಪ್ಪೆ ನೆಲದ ತರಗೆಲೆಯಲ್ಲಿ ಸಿಗುವ ಸಣ್ಣ ಇರುವೆ, ನುಸಿಗಳನ್ನು ತಿನ್ನುತ್ತದೆ. ಅವುಗಳಲ್ಲಿರುವ ವಿಷವಸ್ತುಗಳಾದ ಆಲ್ಕಲಾಯ್ಡ್‌ಗಳು ಕಪ್ಪೆಯ ಚರ್ಮದ ಗ್ರಂಥಿಗಳಲ್ಲಿ ಸೇರಿಕೊಳ್ಳುತ್ತವೆ. ಸಾಕಿ, ಹಣ್ಣಿನ ನೊಣ ಹಾಕಿ ಬೆಳೆಸಿದ ಮರಿಗಳಲ್ಲಿ ಈ ವಿಷ ಇರುವುದಿಲ್ಲ. ಬಣ್ಣ ಮಾತ್ರ ಜೋರಾಗೇ ಇರುತ್ತದೆ!

ಗಾತ್ರ ಸುಮಾರು 2 ಸೆಂ.ಮೀ. ಅಷ್ಟೇ. ಕೋಸ್ಟರಿಕಾದಲ್ಲಿ ಕೆಂಪು ಮೈ, ನೀಲಿ ಕಾಲು. ಜೀನ್ಸ್ ಹಾಕಿದ ಹಾಗೆ. ಪನಾಮಾದ ಬೋಕಾಸ್ ಡೆಲ್ ಟೋರೊ ದ್ವೀಪಗಳಲ್ಲಿ ಇದೇ ಜಾತಿ ಹಸಿರು, ಹಳದಿ, ಕಿತ್ತಳೆ ಬಣ್ಣಗಳಲ್ಲೂ ಇದೆ.

ನನಗೆ ವಿಷಕ್ಕಿಂತ ಜಾಸ್ತಿ ಇಷ್ಟವಾಗುವುದು ಇದರ ಬಾಣಂತನ. ನೆಲದ ಮೇಲಿಟ್ಟ ಮೊಟ್ಟೆಗಳು ಒಣಗದಂತೆ ಗಂಡು ನೀರುಣಿಸುತ್ತದೆ. ಮರಿ ಹೊರಬಂದ ಮೇಲೆ ತಾಯಿಯ ಸರದಿ. ಗೊದಮೊಟ್ಟೆಯನ್ನು ಬೆನ್ನ ಮೇಲೆ ಹೊತ್ತು, ಬ್ರೊಮೀಲಿಯಡ್ ಗಿಡದ ಎಲೆಬುಡದಲ್ಲಿ ನಿಂತ ನೀರಿಗೆ ಬಿಡುತ್ತದೆ. ಒಂದೊಂದು ಎಲೆಬುಡದಲ್ಲಿ ಒಂದೇ ಮರಿ. ಆಮೇಲೆ ಆಗಾಗ ಬಂದು ಫಲಿತವಾಗದ ಮೊಟ್ಟೆ ಇಟ್ಟು ಹೋಗುತ್ತದೆ. ತಾಯಿ ನೀರಿಗಿಳಿದರೆ ಮರಿ ಮೈ ಗಟ್ಟಿ ಮಾಡಿ ಗಡಗಡ ನಡುಗುತ್ತದೆ, 'ನಾನಿಲ್ಲಿದ್ದೀನಿ' ಅನ್ನುವ ಹಾಗೆ. ಆ ಮೊಟ್ಟೆಗಳೇ ಅದರ ಊಟ. ಮಜಾ ಏನು ಗೊತ್ತಾ? ತಾಯಿಯ ಆಲ್ಕಲಾಯ್ಡ್‌ಗಳೂ ಅವುಗಳ ಮೂಲಕವೇ ಮರಿಗೆ ಸಿಗುತ್ತವೆ.

ಮುಟ್ಟಿದರೆ ಸಾಯುತ್ತೇವಾ ಅಂತ ಕೆಲವರು ಕೇಳುತ್ತಾರೆ. ಆ ಕುಖ್ಯಾತಿ ಕೊಲಂಬಿಯಾದ ಬಂಗಾರದ ಬಣ್ಣದ ಕಪ್ಪೆಯದು. ಅಲ್ಲಿನ ಮೂಲನಿವಾಸಿಗಳಾದ ಎಂಬೆರಾ ಜನ ಊದುಗೊಳವೆಯ ಬಾಣದ ತುದಿಯನ್ನು ಅದರ ಬೆನ್ನಿಗೆ ಉಜ್ಜುತ್ತಿದ್ದರು. ಸ್ಟ್ರಾಬೆರಿ ಕಪ್ಪೆಯ ವಿಷ ಅಷ್ಟು ತೀಕ್ಷ್ಣವಲ್ಲ. ಹಾಗಂತ ಸುಮ್ನೆ ಕೈಯಲ್ಲಿ ಹಿಡಿಯುವುದೂ ಬೇಡ.