ರೇಡಾರ್ ಚಿತ್ರದಲ್ಲಿ ಈ ಚುಕ್ಕೆಗಳು ಯಾಕೆ?

ಪ್ರಶ್ನೆ: ಸೆಂಟಿನೆಲ್-1 ಉಪಗ್ರಹದ ರೇಡಾರ್ ಚಿತ್ರ ನೋಡಿದೆ. ರವೆ ಚೆಲ್ಲಿದ ಹಾಗೆ ಬರೀ ಚುಕ್ಕೆ. ಉಪಗ್ರಹವೇ ಸರಿಯಿಲ್ಲವಾ? ಅದರ ಅಳತೆ ನಂಬುವುದು ಹೇಗೆ?

ಉತ್ತರ: ಉಪಗ್ರಹ ಚೆನ್ನಾಗಿಯೇ ಇದೆ. ಅದು ನೆಲಕ್ಕೆ ರೇಡಿಯೋ ಅಲೆ ಕಳಿಸುತ್ತದೆ. ಚಿತ್ರದ ಒಂದೊಂದು ಪಿಕ್ಸೆಲ್‌ಗೆ ಸೇರುವ ಜಾಗದಲ್ಲೂ ಕಲ್ಲು, ಎಲೆ, ಮಣ್ಣಿನ ಹೆಂಟೆ ಎಲ್ಲದರಿಂದಲೂ ಆ ಅಲೆಗಳು ವಾಪಸ್ ಬರುತ್ತವೆ, ಕೆಲವು ಕಡೆ ಅವು ಕೂಡಿ ಜಾಸ್ತಿಯಾಗುತ್ತವೆ, ಕೆಲವು ಕಡೆ ಒಂದನ್ನೊಂದು ಅಳಿಸಿಹಾಕುತ್ತವೆ. ನೀವು ನೋಡಿದ ಚುಕ್ಕೆಗಳು ಹೀಗೇ ಬರುವುದು, ಇದಕ್ಕೆ ಸ್ಪೆಕಲ್ ಅಂತ ಹೆಸರು. ಅಕ್ಕಪಕ್ಕದ ಪಿಕ್ಸೆಲ್‌ಗಳ ಸರಾಸರಿ ತೆಗೆದರೆ ಕಡಿಮೆಯಾಗುತ್ತದೆ. ಆದರೆ ಸುಮ್ನೆ ಜಾಸ್ತಿ ನುಣುಪು ಮಾಡಬೇಡಿ, ಸಣ್ಣ ವಿವರಗಳು ಹೋಗಿಬಿಡುತ್ತವೆ.

ಅಳತೆಯ ವಿಷಯ ನನಗೆ ತುಂಬಾ ಇಷ್ಟ. ಮೂರು ಲೋಹದ ಹಲಗೆಗಳನ್ನು ಕೋಣೆಯ ಮೂಲೆಯ ಹಾಗೆ ಜೋಡಿಸಿ ಬಯಲಿನಲ್ಲಿ ಇಡುತ್ತಾರೆ. ಕಾರ್ನರ್ ರಿಫ್ಲೆಕ್ಟರ್ ಅಂತ ಹೆಸರು. ಅದು ಅಲೆಯನ್ನು ಬಂದ ದಿಕ್ಕಿಗೇ ವಾಪಸ್ ಕಳಿಸುತ್ತದೆ. ಎಷ್ಟು ಕಳಿಸಬೇಕು ಅನ್ನುವುದು ಹಲಗೆಯ ಗಾತ್ರದಿಂದ ಮೊದಲೇ ಗೊತ್ತು, ಚಿತ್ರದಲ್ಲೂ ಅಷ್ಟೇ ಬಂದಿದೆಯಾ ಅಂತ ನೋಡುತ್ತಾರೆ. ತಳದಲ್ಲಿ ತೂತು ಕೊರೆದಿರುತ್ತಾರೆ, ಮಳೆನೀರು ನಿಂತರೆ ಲೆಕ್ಕವೇ ಕೆಡುತ್ತದೆ ಅಲ್ವಾ. ಅಮೆಜಾನ್ ಕಾಡನ್ನೂ ಬಳಸುತ್ತಾರೆ. ಅದರ ದಟ್ಟ ಹಸಿರು ಮೈಲಿಗಟ್ಟಲೆ ಹೆಚ್ಚುಕಡಿಮೆ ಒಂದೇ ಥರ ಕಾಣಿಸುವುದರಿಂದ, ಚಿತ್ರದ ಒಂದು ಅಂಚು ಮಂಕಾದರೆ ಆಂಟೆನಾದ ಲೆಕ್ಕ ತಪ್ಪಿದೆ ಅಂತ ಗೊತ್ತಾಗುತ್ತದೆ.

ಎರಡು ದಿನಾಂಕದ ಚಿತ್ರ ಹೋಲಿಸುವುದಿದ್ದರೆ ಮೊದಲು ಎರಡನ್ನೂ ಕ್ಯಾಲಿಬ್ರೇಟ್ ಮಾಡಿಕೊಳ್ಳಿ, ಅಂದರೆ ಪಿಕ್ಸೆಲ್‌ನ ಸಂಖ್ಯೆಗಳನ್ನು ಒಂದೇ ಅಳತೆಗೆ ತಂದುಕೊಳ್ಳಿ. ಅದಕ್ಕೆ ಬೇಕಾದ ಕೋಷ್ಟಕ ಚಿತ್ರದ ಫೈಲಿನ ಜೊತೆಗೇ ಬರುತ್ತದೆ.