ವಯಸ್ಕರ ಜ್ಞಾನಸ್ನಾನ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನನಗೆ 34 ವರ್ಷ, ಹಿಂದೂ ಮನೆತನದವಳು. ಇಗರ್ಜಿಯ ಭಾನುವಾರದ ಪೂಜೆಗೆ ತಪ್ಪದೆ ಹೋಗುತ್ತಿದ್ದೇನೆ. ಜ್ಞಾನಸ್ನಾನ (ಬ್ಯಾಪ್ಟಿಸಂ) ಕೇಳಿದರೆ ಫಾದರ್ "ಮುಂದಿನ ಈಸ್ಟರ್‌ವರೆಗೆ ಕಾಯಮ್ಮ" ಎಂದರು. ಕೂಸುಗಳಿಗೆ ಒಂದೇ ದಿನದಲ್ಲಿ ಆಗುವುದಕ್ಕೆ ನನಗೇಕೆ ಇಷ್ಟು ಕಾಲ?
— ಓದುಗರು, ಹಾಸನ

ಉತ್ತರ: ಕೂಸಿನ ಪರವಾಗಿ ತಂದೆತಾಯಿ ಉತ್ತರ ಕೊಡುತ್ತಾರೆ, ಕಲಿಸುವುದು ಆಮೇಲೆ. ನೀವು ನಿಮ್ಮ ಬಾಯಿಂದಲೇ ಉತ್ತರಿಸಬೇಕು, ಆದ್ದರಿಂದ ಕಲಿಕೆ ಮೊದಲು. ಕಥೋಲಿಕ ಧರ್ಮಸಭೆಯ ಕಾನೂನಿನ 865ನೇ ವಿಧಿ ವಯಸ್ಕರಿಂದ ಮುಖ್ಯವಾಗಿ ಮೂರನ್ನು ಕೇಳುತ್ತದೆ: ಸ್ವಂತ ಇಚ್ಛೆ, ವಿಶ್ವಾಸದ ಬಗ್ಗೆ ಸಾಕಷ್ಟು ತಿಳಿವಳಿಕೆ, ಕ್ರೈಸ್ತ ಬಾಳನ್ನು ಬಾಳಿ ನೋಡಿರುವುದು. ಮೊದಲ ಎರಡು ಬೇಗ ಆಗಬಹುದು. ಮೂರನೆಯದನ್ನು ಅವಸರಪಡಿಸಲು ಆಗುವುದಿಲ್ಲ. ಹಂತ ಹಂತವಾಗಿ ತಯಾರು ಮಾಡುವ ಆದಿ ಶತಮಾನಗಳ ಈ ಪದ್ಧತಿಯನ್ನು ಎರಡನೇ ವ್ಯಾಟಿಕನ್ ಮಹಾಸಭೆ (1962–65ರಲ್ಲಿ ಲೋಕದ ಕಥೋಲಿಕ ಬಿಷಪ್‌ಗಳು ಸೇರಿದ ಸಭೆ) ಮತ್ತೆ ತರಬೇಕೆಂದಿತು. ಅದರಂತೆ 1972ರಲ್ಲಿ ಹೊಸ ವಿಧಿ ಪ್ರಕಟವಾಯಿತು.

ಮೊದಲಿನದು ವಿಚಾರಣೆಯ ಕಾಲ. ಮನಸ್ಸಿನಲ್ಲಿರುವುದನ್ನೆಲ್ಲ ಕೇಳಿ. ಈ ಹಂತದಲ್ಲಿ ಹಿಂದೆ ಸರಿದರೂ ಯಾರೂ ತಪ್ಪು ತಿಳಿಯಬಾರದು. ಬಳಿಕ ಪೂಜೆಯಲ್ಲಿ ಸಭೆಯೆದುರು ನಿಮ್ಮನ್ನು ದೀಕ್ಷಾರ್ಥಿಯಾಗಿ, ಅಂದರೆ ಜ್ಞಾನಸ್ನಾನಕ್ಕೆ ತಯಾರಾಗುವವರಾಗಿ, ಬರಮಾಡಿಕೊಳ್ಳುತ್ತಾರೆ. ಹಣೆಯ ಮೇಲೆ ಶಿಲುಬೆಯ ಗುರುತು ಹಾಕುತ್ತಾರೆ; ಕಿವಿ, ಕಣ್ಣು, ತುಟಿ, ಎದೆ, ಭುಜಗಳ ಮೇಲೂ ಹಾಕುವುದುಂಟು. ಅಂದಿನಿಂದ ನೀವು ಧರ್ಮಸಭೆಯ ಮನೆಯವರೇ. ಜ್ಞಾನಸ್ನಾನಕ್ಕೆ ಮುಂಚೆ ತೀರಿಹೋದರೂ ಕ್ರೈಸ್ತ ಅಂತ್ಯಕ್ರಿಯೆಯ ಹಕ್ಕಿದೆ. ಪರಮಪ್ರಸಾದ (ಪೂಜೆಯಲ್ಲಿ ಕ್ರಿಸ್ತರ ದೇಹವೆಂದು ಸ್ವೀಕರಿಸುವ ರೊಟ್ಟಿ) ಮಾತ್ರ ಇನ್ನೂ ಇಲ್ಲ. ಕೆಲವೆಡೆ ಪ್ರಬೋಧನೆ ಮುಗಿದೊಡನೆ ದೀಕ್ಷಾರ್ಥಿಗಳನ್ನು ವಿಶ್ವಾಸ ಕಲಿಸುವ ಉಪದೇಶಿಯವರ ಜೊತೆ ಹೊರಗೆ ಕಳಿಸುತ್ತಾರೆ. ಅದು ಅವಮಾನವಲ್ಲ, ಅಂದಿನ ವಾಚನವನ್ನು ಕುಳಿತು ಧ್ಯಾನಿಸಲೆಂದು ಇರುವ ಸಮಯ.

2027ರ ಈಸ್ಟರ್ ಮಾರ್ಚ್ 28ಕ್ಕೆ ಬರುತ್ತದೆ. ಅದನ್ನಿಟ್ಟುಕೊಂಡು ಲೆಕ್ಕ ಹಾಕಿ. ಈಸ್ಟರ್‌ಗೆ ಮುಂಚಿನ ತಪಸ್ಸುಕಾಲದ ಮೊದಲ ಭಾನುವಾರ, ಫೆಬ್ರವರಿ 14ರಂದು, ಆಯ್ಕೆಯ ವಿಧಿ. ಸಾಮಾನ್ಯವಾಗಿ ಧರ್ಮಾಧ್ಯಕ್ಷರೇ (ಬಿಷಪ್) ಅದನ್ನು ನಡೆಸುತ್ತಾರೆ, ನಿಮ್ಮ ಹೆಸರು ಪುಸ್ತಕಕ್ಕೆ ಸೇರುತ್ತದೆ. ಫೆಬ್ರವರಿ 28, ಮಾರ್ಚ್ 7 ಮತ್ತು 14ರ ಭಾನುವಾರಗಳಲ್ಲಿ ಪರಿಶೋಧನೆಯ ಪ್ರಾರ್ಥನೆಗಳು. ಯೊವಾನ್ನರ ಶುಭಸಂದೇಶದ ಸಮಾರಿಯದ ಹೆಂಗಸು, ಹುಟ್ಟುಕುರುಡ, ಲಾಜರ ಈ ಮೂರು ಪ್ರಸಂಗಗಳನ್ನು ಅಂದು ಓದುತ್ತಾರೆ. ಇದು ಪರೀಕ್ಷೆಯೆಂದು ಹೆದರಬೇಡಿ. ಯಾರೂ ನಿಮ್ಮನ್ನು ಪ್ರಶ್ನಿಸುವುದಿಲ್ಲ, ಇಡೀ ಸಭೆ ನಿಮಗಾಗಿ ಪ್ರಾರ್ಥಿಸುತ್ತದೆ.

ಮಾರ್ಚ್ 27ರ ರಾತ್ರಿ ಪಾಸ್ಖ ಜಾಗರಣೆ, ಅಂದರೆ ಈಸ್ಟರ್ ಹಿಂದಿನ ರಾತ್ರಿಯ ಪೂಜೆ. ಸಂತರ ಸ್ತುತಿಮಾಲೆ, ನೀರಿನ ಆಶೀರ್ವಾದ, ಪಾಪವನ್ನು ತ್ಯಜಿಸುವ ಮಾತು, ವಿಶ್ವಾಸದ ಘೋಷಣೆ, ಆಮೇಲೆ ಮೂರು ಸಲ ನೀರು. ಬಿಳಿ ಉಡುಪು ತೊಡಿಸುತ್ತಾರೆ. ಪಾಸ್ಖ ದೀಪದಿಂದ ಹಚ್ಚಿದ ಮೋಂಬತ್ತಿಯನ್ನು ಜ್ಞಾನಪೋಷಕರು (ವಿಶ್ವಾಸದ ಬಾಳಿನಲ್ಲಿ ನಿಮಗೆ ಜೊತೆಯಾಗಿ ನಿಲ್ಲುವವರು) ನಿಮ್ಮ ಕೈಗೆ ಕೊಡುತ್ತಾರೆ. ಅದೇ ರಾತ್ರಿ ಹಣೆಗೆ ಪವಿತ್ರ ತೈಲ ಹಚ್ಚಿ ದೃಢೀಕರಣ (ಕನ್ಫರ್ಮೇಷನ್), ಬಳಿಕ ಮೊದಲ ಪರಮಪ್ರಸಾದ. ಮೂರೂ ಒಟ್ಟಿಗೆ ಆಗಬೇಕು; ಗಂಭೀರ ಕಾರಣವಿಲ್ಲದೆ ಬೇರ್ಪಡಿಸುವಂತಿಲ್ಲ. ಸಣ್ಣ ವಿಷಯವಾದರೂ ಹೇಳಬೇಕು: ತಲೆ, ಹೆಗಲು ನೆನೆಯುತ್ತವೆ. ತೆಳು ಬಟ್ಟೆ ಬೇಡ, ಒಂದು ಟವೆಲ್ ತನ್ನಿ.

ಕೆಡುವುದು ಸಾಮಾನ್ಯವಾಗಿ ಎರಡು ಕಡೆ. ಒಂದು, ಜ್ಞಾನಪೋಷಕರನ್ನು ಕೊನೆಯ ವಾರದಲ್ಲಿ ಹುಡುಕುವುದು. ಅವರಿಗೆ 16 ತುಂಬಿರಬೇಕು, ದೃಢೀಕರಣ ಆಗಿರಬೇಕು, ನಿಮ್ಮ ತಂದೆತಾಯಿ ಆಗಿರಬಾರದು. ಒಬ್ಬರು ಸಾಕು, ಇಬ್ಬರಾದರೆ ಒಬ್ಬ ಗಂಡು, ಒಬ್ಬ ಹೆಣ್ಣು. ಫೋಟೋಗೆ ನಿಲ್ಲುವವರಿಗಿಂತ ವರ್ಷವಿಡೀ ಜೊತೆಗೆ ಪೂಜೆಗೆ ಬರುವವರನ್ನು ಆರಿಸಿ. ಇನ್ನೊಂದು, ಈಸ್ಟರ್ ಮುಗಿದೊಡನೆ ಎಲ್ಲರೂ ಕೈಬಿಡುವುದು. ಪವಿತ್ರಾತ್ಮರು ಇಳಿದುಬಂದ ಪೆಂತೆಕೋಸ್ತ್ ಹಬ್ಬದವರೆಗಿನ, ಅಂದರೆ ಮೇ 16ರವರೆಗಿನ ವಾರಗಳು ಈ ವಿಧಿಯದೇ ಭಾಗ. ಆ ಭಾನುವಾರಗಳಲ್ಲಿ ಹೊಸಬರು ಒಟ್ಟಿಗೆ ಕೂರಬೇಕು, ಭೇಟಿಗಳು ಮುಂದುವರಿಯಬೇಕು. ಹೊಸ ವಿಶ್ವಾಸಿ ಒಂಟಿಯಾಗುವುದು ಇಲ್ಲೇ. ಇದನ್ನು ಧರ್ಮಕೇಂದ್ರದವರು (ನಿಮ್ಮ ಇಗರ್ಜಿಯವರು) ಗಂಭೀರವಾಗಿ ತೆಗೆದುಕೊಳ್ಳಬೇಕೆಂದು ಬೇಡಿಕೊಳ್ಳುತ್ತೇವೆ.

ಪ್ರಶ್ನೆ: ನನ್ನ ಮದುವೆ ಕಥೋಲಿಕ ಹುಡುಗನ ಜೊತೆ ಮುಂದಿನ ತಿಂಗಳು. ಅಷ್ಟರೊಳಗೆ ಜ್ಞಾನಸ್ನಾನ ಆಗಲೇಬೇಕೆಂದು ಅತ್ತೆ ಹೇಳುತ್ತಿದ್ದಾರೆ.
— ಓದುಗರು, ಬೆಂಗಳೂರು

ಉತ್ತರ: ಆಗಲೇಬೇಕಿಲ್ಲ. ಇಗರ್ಜಿಯಲ್ಲಿ ಮದುವೆಗೆ ಧರ್ಮಾಧ್ಯಕ್ಷರ ವಿಶೇಷ ಅನುಮತಿ ಸಾಕು. ಅರ್ಜಿಯನ್ನು ಹುಡುಗನ ಧರ್ಮಕೇಂದ್ರದ ಗುರುಗಳು ಕಳಿಸುತ್ತಾರೆ, ಇವತ್ತೇ ಹೋಗಿ ಮಾತಾಡಿ. ತನ್ನ ವಿಶ್ವಾಸ ಬಿಡುವುದಿಲ್ಲ, ಮಕ್ಕಳಿಗೆ ಜ್ಞಾನಸ್ನಾನ ಕೊಡಿಸಿ ಕಥೋಲಿಕರಾಗಿ ಬೆಳೆಸಲು ಕೈಲಾದದ್ದೆಲ್ಲ ಮಾಡುತ್ತೇನೆ ಎಂದು ಹುಡುಗ ಮಾತು ಕೊಡಬೇಕು. ನಿಮಗೆ ಅದನ್ನು ತಿಳಿಸುತ್ತಾರೆ, ನಿಮ್ಮಿಂದ ಮಾತು ಕೇಳುವುದಿಲ್ಲ. ಮುಂದೆಂದಾದರೂ ನಿಮಗೇ ಮನಸ್ಸಾಗಿ ಜ್ಞಾನಸ್ನಾನ ಪಡೆದರೆ ಮದುವೆ ಮತ್ತೆ ಮಾಡಬೇಕಿಲ್ಲ. ಅತ್ತೆಯವರ ಆಸೆ ಪ್ರೀತಿಯದೇ ಇರಬಹುದು. ಆದರೂ ಮದುವೆಯ ದಿನಾಂಕಕ್ಕಾಗಿ ತೆಗೆದುಕೊಂಡ ಜ್ಞಾನಸ್ನಾನ ಸ್ವಂತ ಇಚ್ಛೆಯದಾಗುವುದು ಕಷ್ಟ. ಇಬ್ಬರಲ್ಲಿ ಯಾರಿಗಾದರೂ ಹಿಂದೆ ಮದುವೆಯಾಗಿ ವಿಚ್ಛೇದನವಾಗಿದ್ದರೆ ಮೊದಲ ಭೇಟಿಯಲ್ಲೇ ಹೇಳಿ. ಮುಚ್ಚಿಟ್ಟರೆ ಕೊನೆ ಗಳಿಗೆಯಲ್ಲಿ ಎಲ್ಲವೂ ನಿಲ್ಲುತ್ತದೆ.

ಪ್ರಶ್ನೆ: ಸಿ.ಎಸ್.ಐ. (ಚರ್ಚ್ ಆಫ್ ಸೌತ್ ಇಂಡಿಯಾ, ಪ್ರಾಟೆಸ್ಟಂಟ್) ಸಭೆಯಲ್ಲಿ ದೀಕ್ಷಾಸ್ನಾನ, ಅಂದರೆ ಜ್ಞಾನಸ್ನಾನ, ಆಗಿದೆ. ಮತ್ತೆ ಆಗಬೇಕೇ?
— ಓದುಗರು, ಧಾರವಾಡ

ಉತ್ತರ: ಬೇಡ, ಕೂಡದು ಕೂಡ. ನೀರಿನಿಂದ, ಪಿತ, ಸುತ, ಪವಿತ್ರಾತ್ಮರ ಹೆಸರಿನಲ್ಲಿ ಕೊಟ್ಟದ್ದು ಜೀವಮಾನಕ್ಕೆ ಒಮ್ಮೆ. ಸಭೆಯಿಂದ ಪ್ರಮಾಣಪತ್ರ ತನ್ನಿ. ತಯಾರಿಯ ನಂತರ ಪಾಪನಿವೇದನೆ ಮಾಡಿ, ಪೂಜೆಯಲ್ಲಿ ವಿಶ್ವಾಸ ಘೋಷಿಸಿ, ದೃಢೀಕರಣ ಮತ್ತು ಪರಮಪ್ರಸಾದ ಪಡೆಯುತ್ತೀರಿ. ಇದಕ್ಕೆ ಈಸ್ಟರ್ ಕಾಯಬೇಕಿಲ್ಲ. "ಯೇಸುವಿನ ಹೆಸರಿನಲ್ಲಿ" ಎಂದಷ್ಟೇ ಹೇಳಿ ಸ್ನಾನ ಮಾಡಿಸುವ ಗುಂಪುಗಳಿಂದ ಬಂದವರ ವಿಷಯ ಬೇರೆ. ಅದನ್ನು ಕಥೋಲಿಕ ಧರ್ಮಸಭೆ ಮಾನ್ಯ ಮಾಡುವುದಿಲ್ಲ, ಅವರು ಜ್ಞಾನಸ್ನಾನ ಪಡೆಯಬೇಕು.

ಪ್ರಶ್ನೆ: ಹೆಸರು ಬದಲಿಸಬೇಕೇ? ಜಾತಿ ಪ್ರಮಾಣಪತ್ರ ಏನಾಗುತ್ತದೆ?
— ಓದುಗರು, ಕೋಲಾರ

ಉತ್ತರ: ಹೆಸರು ಬದಲಿಸುವುದು ಕಡ್ಡಾಯವಲ್ಲ. ಕ್ರೈಸ್ತ ಭಾವನೆಗೆ ವಿರುದ್ಧವಾದ ಹೆಸರಾಗಿರಬಾರದು, ಅಷ್ಟೇ. ಜಾತಿ ಪ್ರಮಾಣಪತ್ರದ್ದು ಗಟ್ಟಿ ವಿಷಯ, ಮುಚ್ಚುಮರೆ ಬೇಡ: 1950ರ ಸಂವಿಧಾನ (ಪರಿಶಿಷ್ಟ ಜಾತಿಗಳು) ಆದೇಶದಂತೆ ಹಿಂದೂ, ಸಿಖ್, ಬೌದ್ಧ ಧರ್ಮದವರಿಗಷ್ಟೇ ಪರಿಶಿಷ್ಟ ಜಾತಿಯ ಸ್ಥಾನ. ಪರಿಶಿಷ್ಟ ಪಂಗಡಗಳಿಗೆ ಅಂಥ ಷರತ್ತಿಲ್ಲ. ಜ್ಞಾನಸ್ನಾನ ಪಡೆದು ದಾಖಲೆಯಲ್ಲಿ ಮುಚ್ಚಿಡಿ ಎಂದು ಯಾರಾದರೂ ಸಲಹೆ ಕೊಟ್ಟರೆ ಕೇಳಬೇಡಿ. ಸುಳ್ಳಿನಿಂದ ಶುರುವಾಗುವ ವಿಶ್ವಾಸದ ಬಾಳು ನಿಮಗೂ ಮಕ್ಕಳಿಗೂ ಹೊರೆ. ಮತಾಂತರದ ಕಾನೂನು ರಾಜ್ಯದಿಂದ ರಾಜ್ಯಕ್ಕೆ ಬೇರೆ, ಕೆಲವೆಡೆ ಜಿಲ್ಲಾಧಿಕಾರಿಗೆ ಮುಂಚಿತವಾಗಿ ತಿಳಿಸಬೇಕು. ದೀಕ್ಷಾರ್ಥಿಯಾಗುವ ಮೊದಲೇ ವಕೀಲರನ್ನು ಕಂಡು, ನಿಮ್ಮ ಜಿಲ್ಲೆಯಲ್ಲಿ ಈಗ ಜಾರಿಯಲ್ಲಿರುವ ನಿಯಮ ಕೇಳಿಕೊಳ್ಳಿ.